ಹಡಗಿನ ಬಾಗಿಲು ಮುಚ್ಚಿದೆ ಅಂತ ಕ್ಯಾಪ್ಟನ್‌ಗೆ ಹೇಳುವವರು ಯಾರು?

2023ರ ಜುಲೈನಲ್ಲಿ ಬಾಲ್ಟಿಕ್ ಸಮುದ್ರದ ತಳದಿಂದ ಉಕ್ಕಿನ ದೊಡ್ಡದೊಂದು ಹಲಗೆಯನ್ನು ಮೇಲೆತ್ತಿ, ಎಸ್ಟೋನಿಯಾ ದೇಶದ ಪಾಲ್ಡಿಸ್ಕಿ ಬಂದರಿಗೆ ತಂದರು. ಅದು ‘ಎಸ್ಟೋನಿಯಾ’ ಎಂಬ ಹೆಸರಿನದೇ ಫೆರಿ ಹಡಗಿನ ಮುಂಭಾಗದ ರ‍್ಯಾಂಪ್. ಕಾರು, ಲಾರಿಗಳು ಹಡಗು ಹತ್ತಿ ಇಳಿಯುತ್ತಿದ್ದುದು ಅದರ ಮೇಲೆ. 1994ರ ಸೆಪ್ಟೆಂಬರ್ 28ರ ಸರಿರಾತ್ರಿ ದಾಟಿದ ಮೇಲೆ, ಟ್ಯಾಲಿನ್‌ನಿಂದ ಸ್ಟಾಕ್‌ಹೋಮ್‌ಗೆ ಹೋಗುತ್ತಿದ್ದ ಆ ಹಡಗು ಮುಳುಗಿತು. ಅದರಲ್ಲಿದ್ದ 989 ಜನರಲ್ಲಿ ಬದುಕಿದವರು 137 ಮಂದಿ.

ಇಷ್ಟು ವರ್ಷ ಆದಮೇಲೆ ರ‍್ಯಾಂಪ್ ಎತ್ತಿದ್ದು ಯಾಕೆ? 2020ರಲ್ಲಿ ಬಂದ ಒಂದು ಸಾಕ್ಷ್ಯಚಿತ್ರದಲ್ಲಿ ಹಡಗಿನ ಪಕ್ಕದಲ್ಲಿ ಒಂದು ತೂತು ಕಾಣಿಸಿತು. ಡಿಕ್ಕಿಯಾಗಿತ್ತಾ, ಸ್ಫೋಟವಾಗಿತ್ತಾ ಎಂಬ ಹಳೆಯ ಅನುಮಾನಗಳು ಮತ್ತೆ ಎದ್ದವು. ಎಸ್ಟೋನಿಯಾ, ಸ್ವೀಡನ್, ಫಿನ್‌ಲ್ಯಾಂಡ್ ಮೂರೂ ದೇಶಗಳು ಮತ್ತೆ ತನಿಖೆಗೆ ಇಳಿದವು. 2023ರ ಜನವರಿಯ ಮಧ್ಯಂತರ ವರದಿ ಹೇಳಿದ್ದು ಇಷ್ಟು: ಡಿಕ್ಕಿಗೂ ಸ್ಫೋಟಕ್ಕೂ ಪುರಾವೆ ಸಿಕ್ಕಿಲ್ಲ, ಆ ತೂತು ಹಡಗು ತಳಕ್ಕೆ ಹೋಗಿ ಬಂಡೆಗೆ ಬಡಿದಾಗ ಆದದ್ದು. ಅಲ್ಲಿಗೆ ಪ್ರಶ್ನೆ ಮತ್ತೆ ಹಡಗಿನ ಮೂತಿಗೇ ಬಂತು. ಅಲ್ಲಿದ್ದ ಬಾಗಿಲಿಗೆ, ಆ ಬಾಗಿಲಿನ ಬೀಗಕ್ಕೆ.

ಬೀಗ ಗಟ್ಟಿಯಾಗಿರಬೇಕು ಅನ್ನೋದು ಯಾರಿಗಾದರೂ ಗೊತ್ತು. ಆದರೆ ಹಡಗಿನ ದೊಡ್ಡ ಬಾಗಿಲುಗಳ ವಿಷಯದಲ್ಲಿ ಗಟ್ಟಿತನ ಅರ್ಧ ಮಾತ್ರ. ಬಾಗಿಲು ಈಗ ಯಾವ ಸ್ಥಿತಿಯಲ್ಲಿದೆ ಎಂಬ ನಿಜ ಸಂಗತಿ ಹಡಗು ನಡೆಸುವವನಿಗೆ ತಲುಪಬೇಕು. ಉಳಿದ ಅರ್ಧ ಅದು. ದೊಡ್ಡ ದುರಂತಗಳಲ್ಲಿ ಕೈಕೊಟ್ಟದ್ದು ಬಹುಮಟ್ಟಿಗೆ ಈ ಎರಡನೆಯ ಅರ್ಧವೇ.

ಮೊದಲು ಈ ಹಡಗುಗಳ ಬಗ್ಗೆ ಎರಡು ಮಾತು. ವಾಹನಗಳು ಒಂದು ಕಡೆಯಿಂದ ಹತ್ತಿ ಇನ್ನೊಂದು ಕಡೆಯಿಂದ ಇಳಿಯುವ ಹಡಗಿಗೆ ರೋ-ರೋ ಅನ್ನುತ್ತಾರೆ. ಶರಾವತಿ ಹಿನ್ನೀರಿನಲ್ಲಿ ಬಸ್ಸು, ಕಾರು ಹೊತ್ತು ಸಾಗುತ್ತಿದ್ದ ಸಿಗಂದೂರಿನ ಲಾಂಚ್ ನೋಡಿದವರಿಗೆ ಈ ಏರ್ಪಾಡು ಹೊಸದಲ್ಲ. 2025ರ ಜುಲೈನಲ್ಲಿ ಅಲ್ಲಿ ಸೇತುವೆಯೇ ಬಂತು, ಆ ಮಾತು ಬೇರೆ. ಲಾಂಚ್‌ನ ಡೆಕ್ ತೆರೆದದ್ದು, ನೀರು ಬಂದರೂ ಹರಿದು ಹೋಗುತ್ತದೆ. ಸಮುದ್ರದ ಫೆರಿಯಲ್ಲಿ ವಾಹನಗಳ ಡೆಕ್ ಎಂದರೆ ಹಡಗಿನ ಉದ್ದಕ್ಕೂ ಚಾಚಿಕೊಂಡ ಮುಚ್ಚಿದ ಹಜಾರ. ಲಾರಿಗಳು ಸಲೀಸಾಗಿ ಓಡಾಡಬೇಕಲ್ಲ, ಅದಕ್ಕೇ ನಡುವೆ ಅಡ್ಡಗೋಡೆ ಇರುವುದಿಲ್ಲ. ಆ ಹಜಾರಕ್ಕೆ ನೀರು ನುಗ್ಗಿತೋ, ಹಡಗು ಸ್ವಲ್ಪ ವಾಲಿದರೂ ಅಷ್ಟೂ ನೀರು ಆ ಕಡೆಗೇ ಓಡುತ್ತದೆ. ನೀರು ಓಡಿದಷ್ಟೂ ಹಡಗು ಇನ್ನೂ ವಾಲುತ್ತದೆ, ಆಮೇಲೆ ಅದನ್ನು ತಡೆಯುವುದಕ್ಕೆ ಆಗುವುದಿಲ್ಲ. ಈ ಹಜಾರಕ್ಕೂ ಸಮುದ್ರಕ್ಕೂ ನಡುವೆ ಇರುವುದು ಮೂತಿಯ ಬಾಗಿಲು, ಅದರ ಹಿಂದಿನ ರ‍್ಯಾಂಪ್, ಅವುಗಳ ಬೀಗ.

1987ರ ಮಾರ್ಚ್ 6ರ ಸಂಜೆ ಬೆಲ್ಜಿಯಂನ ಝೀಬ್ರೂಗ ಬಂದರಿನಿಂದ ಇಂಗ್ಲೆಂಡಿನ ಡೋವರ್‌ಗೆ ಹೊರಟ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಹಡಗಿನಲ್ಲಿ ಬೀಗ ಮುರಿಯಲಿಲ್ಲ. ಬಾಗಿಲನ್ನೇ ಹಾಕಿರಲಿಲ್ಲ. ಬಾಗಿಲು ಹಾಕಬೇಕಿದ್ದ ಸಹಾಯಕ ಬೋಸನ್, ಅಂದರೆ ಡೆಕ್ ಕೆಲಸಗಾರರ ಮೇಸ್ತ್ರಿಯ ಸಹಾಯಕ, ತನ್ನ ಕ್ಯಾಬಿನ್‌ನಲ್ಲಿ ನಿದ್ದೆ ಹೋಗಿದ್ದ. ಹೊರಡುವ ಕರೆ ಕೇಳಿದರೂ ಅವನಿಗೆ ಎಚ್ಚರವಾಗಲಿಲ್ಲ. ಬಾಗಿಲು ಹಾಕಿದ್ದನ್ನು ಖಚಿತ ಮಾಡಿಕೊಳ್ಳಬೇಕಿದ್ದ ಅಧಿಕಾರಿ ಹೊರಡುವ ಹೊತ್ತಿಗೆ ಬ್ರಿಜ್‌ನಲ್ಲೂ ಇರಬೇಕಿತ್ತು. ಬ್ರಿಜ್ ಎಂದರೆ ಹಡಗು ನಡೆಸುವ ಕೋಣೆ. ಒಬ್ಬನೇ ಮನುಷ್ಯ ಎರಡು ಕಡೆ ಇರುವುದು ಹೇಗೆ? ಅವನು ಬ್ರಿಜ್‌ಗೆ ಹೋದ. ಕ್ಯಾಪ್ಟನ್ ನಿಂತ ಜಾಗದಿಂದ ಮೂತಿಯ ಬಾಗಿಲು ಕಾಣುವುದೇ ಇಲ್ಲ. ಯಾರೂ ಏನೂ ಹೇಳಲಿಲ್ಲ, ಹಾಗಾದರೆ ಎಲ್ಲ ಸರಿಯಿದೆ ಅಂದುಕೊಂಡು ಹೊರಡುವುದೇ ಅಲ್ಲಿನ ಪದ್ಧತಿಯಾಗಿತ್ತು. ಬಂದರು ದಾಟಿ ವೇಗ ಹೆಚ್ಚಿಸುತ್ತಿದ್ದಂತೆ ಮೂತಿಯ ಅಲೆ ಎದ್ದು ನೇರವಾಗಿ ಒಳಗೆ ನುಗ್ಗಿತು. ನೋಡನೋಡುತ್ತಿದ್ದಂತೆ ಹಡಗು ಮಗ್ಗುಲಾಯಿತು. 193 ಜನ ಸತ್ತರು.

ಇದನ್ನು ಒಬ್ಬ ನೌಕರನ ನಿದ್ದೆಯ ಕಥೆಯಾಗಿ ಮುಗಿಸಿಬಿಡಬಹುದಿತ್ತು. ತನಿಖೆ ನಡೆಸಿದ ನ್ಯಾಯಮೂರ್ತಿ ಶೀನ್ ಹಾಗೆ ಮಾಡಲಿಲ್ಲ. ಅವರು ಕಂಪನಿಯ ಕಾಗದಪತ್ರಗಳನ್ನು ತೆಗೆಸಿ ನೋಡಿದರು. 1983ರಲ್ಲೇ ಅದೇ ಕಂಪನಿಯ ಇನ್ನೊಂದು ಹಡಗು, ಅದೇ ಕಾರಣಕ್ಕೆ, ಬಾಗಿಲು ತೆರೆದುಕೊಂಡೇ ಹೊರಟಿತ್ತು. ಬಾಗಿಲು ಮುಚ್ಚಿದೆಯೋ ಇಲ್ಲವೋ ತೋರಿಸುವ ದೀಪವೊಂದನ್ನು ಬ್ರಿಜ್‌ನಲ್ಲಿ ಹಾಕಿಸಿಕೊಡಿ ಎಂದು 1985ರಿಂದ ಕ್ಯಾಪ್ಟನ್‌ಗಳು ಬರೆದು ಕೇಳಿದ್ದರು. ಅದಕ್ಕೆ ಬಂದದ್ದು ಗೇಲಿಯ ಉತ್ತರ: ಬಾಗಿಲು ಹಾಕುವವನು ಎಚ್ಚರವಾಗಿದ್ದಾನಾ, ಕುಡಿದಿಲ್ಲವಾ ಅಂತ ತೋರಿಸುವುದಕ್ಕೂ ಒಂದು ದೀಪ ಬೇಕಾ? ದುರಂತ ಆದಮೇಲೆ ಉಳಿದ ಹಡಗುಗಳಿಗೆ ಅದೇ ದೀಪ ಹಾಕಿಸಲು ಕೆಲವೇ ದಿನ ಸಾಕಾಯಿತು. ಆ ಟಿಪ್ಪಣಿಯ ಬಗ್ಗೆ ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಒಂದು ಬಲ್ಬು, ಒಂದು ಸ್ವಿಚ್ಚು, ಒಂದಿಷ್ಟು ವೈರು. ಅಷ್ಟೇ ಬೇಕಿದ್ದದ್ದು.

ಈ ದುರಂತದ ನಂತರ, 1988ರಲ್ಲಿ, ಸಮುದ್ರ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದವಾದ ಸೋಲಾಸ್‌ಗೆ ತಿದ್ದುಪಡಿ ಬಂತು. ಬ್ರಿಜ್‌ನಲ್ಲಿ ಬಾಗಿಲಿನ ದೀಪ ಕಡ್ಡಾಯವಾಯಿತು. ಸಮಸ್ಯೆ ಬಗೆಹರಿಯಿತು ಅಂತ ಎಲ್ಲರೂ ಅಂದುಕೊಂಡರು. ಆದರೆ ಆರು ವರ್ಷಗಳ ನಂತರ ‘ಎಸ್ಟೋನಿಯಾ’ ಮುಳುಗಿದಾಗ ಅದರ ಬ್ರಿಜ್‌ನಲ್ಲಿ ದೀಪಗಳಿದ್ದವು.

ಹಾಗಾದರೆ ಅಲ್ಲಿ ಆಗಿದ್ದೇನು? ‘ಎಸ್ಟೋನಿಯಾ’ದ ಮೂತಿಯಲ್ಲಿದ್ದದ್ದು ವೈಸರ್. ಹೆಲ್ಮೆಟ್ಟಿನ ಮುಂದಿನ ಗಾಜನ್ನು ಮೇಲಕ್ಕೆತ್ತುತ್ತೇವಲ್ಲ, ಹಾಗೆ ಹಡಗಿನ ಇಡೀ ಮೂತಿ ಮೇಲಕ್ಕೆ ಏಳುತ್ತದೆ. ತೂಕ 50 ಟನ್‌ಗೂ ಜಾಸ್ತಿ. ಮೇಲ್ಗಡೆ ಡೆಕ್‌ನಲ್ಲಿ ಎರಡು ಭಾರಿ ಕೀಲುಗಳು. ಎತ್ತಲು, ಇಳಿಸಲು ಹೈಡ್ರಾಲಿಕ್ ತೋಳುಗಳು. ಕೆಳಗಡೆ ನಡುವೆ ಒಂದು ಬೀಗ, ಎರಡು ಪಕ್ಕಗಳಲ್ಲಿ ಒಂದೊಂದು. ಇವುಗಳ ಕೆಲಸದ ರೀತಿ ನಮ್ಮ ಮನೆಯ ಬಾಗಿಲಿನ ಅಗುಳಿಯದ್ದೇ. ವೈಸರಿನಿಂದ ಚಾಚಿಕೊಂಡ ಉಕ್ಕಿನ ಕಿವಿಯೊಂದಿದೆ, ಅದರಲ್ಲಿ ತೂತಿದೆ. ಹೈಡ್ರಾಲಿಕ್ ಒತ್ತಡದಿಂದ ದಪ್ಪನೆಯ ಅಗುಳಿಯೊಂದು ಸರಿದು ಬಂದು ಆ ತೂತಿನೊಳಗೆ ಕೂರುತ್ತದೆ. ಇವಲ್ಲದೆ ಕೈಯಿಂದ ಹಾಕುವ ಬೀಗಗಳೂ ಇದ್ದವು.

ವೈಸರಿನ ತೊಂದರೆ ಅದರ ಆಕಾರದಲ್ಲೇ ಇದೆ. ಮೂತಿ ಕೆಳಗಿನಿಂದ ಮೇಲಕ್ಕೆ ಹೊರಚಾಚಿದೆ. ಹಡಗು ಅಲೆಗೆ ಎದುರಾಗಿ ಹೋಗುವಾಗ ಪ್ರತಿ ಅಲೆಯೂ ಅದನ್ನು ಕೆಳಗಿನಿಂದ ಗುದ್ದಿ ಮೇಲಕ್ಕೆ ತಳ್ಳುತ್ತದೆ. ಅಂದರೆ ಸಮುದ್ರ ಬಾಗಿಲನ್ನು ತೆರೆಯುವ ದಿಕ್ಕಿನಲ್ಲೇ ತಳ್ಳುತ್ತಿರುತ್ತದೆ. ಅದನ್ನು ತಡೆಹಿಡಿದಿರುವುದು ತೂಕ ಮತ್ತು ಬೀಗ ಮಾತ್ರ. ‘ಹೆರಾಲ್ಡ್’ನಂಥ ಹಡಗುಗಳಲ್ಲಿ ಬಾಗಿಲು ಎರಡು ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ಅದು ಸರಿಯಾಗಿ ಮುಚ್ಚಿದ್ದರೆ ಎದುರಿನ ಅಲೆ ಅದನ್ನು ಹಡಗಿನ ಮೈಗೇ ಒತ್ತಿ ಕೂರಿಸುತ್ತದೆ. ಬೀಗದ ಮೇಲೆ ಬೀಳುವ ಹೊರೆ ಕಡಿಮೆ.

ಆ ರಾತ್ರಿ ಸುಮಾರು ನಾಲ್ಕು ಮೀಟರ್ ಎತ್ತರದ ಅಲೆಗಳಿದ್ದವು. ಒಂದು ಗಂಟೆಯ ಹೊತ್ತಿಗೆ ಮುಂಭಾಗದಿಂದ ಭಾರಿ ಸದ್ದು ಕೇಳಿಬಂತು. 1997ರ ಡಿಸೆಂಬರ್‌ನಲ್ಲಿ ಬಂದ ಮೂರು ದೇಶಗಳ ಜಂಟಿ ವರದಿಯ ಪ್ರಕಾರ ಬೀಗಗಳು ಅಲೆಯ ಹೊಡೆತಕ್ಕೆ ಕಿತ್ತುಬಂದವು. ವೈಸರ್ ಮುಂದಕ್ಕೆ ವಾಲಿತು. ಇಲ್ಲಿ ಇನ್ನೊಂದು ತೊಡಕಿತ್ತು. ಒಳಗಿನ ರ‍್ಯಾಂಪ್‌ನ ಮೇಲ್ತುದಿ ವೈಸರಿನಲ್ಲಿದ್ದ ಪೆಟ್ಟಿಗೆಯಂಥ ಜಾಗದೊಳಗೆ ಸೇರಿಕೊಂಡಿತ್ತು. ಹೊರಗಿನ ಬಾಗಿಲು ಹೋದರೆ ಒಳಗಿನದಾದರೂ ಉಳಿಯಬೇಕಿತ್ತು, ಅಲ್ವಾ? ಆದರೆ ಬೀಳುವಾಗ ವೈಸರ್ ಈ ರ‍್ಯಾಂಪನ್ನೂ ಎಳೆದು ತೆರೆಯಿತು. ಎರಡು ಬಾಗಿಲು ಅಂತ ಲೆಕ್ಕಕ್ಕಿದ್ದದ್ದು ನಿಜದಲ್ಲಿ ಒಂದೇ ಬಾಗಿಲಾಗಿತ್ತು. ಎರಡು ಗಂಟೆಯಾಗುವ ಮೊದಲೇ ಹಡಗು ರಾಡಾರಿನಿಂದ ಮರೆಯಾಯಿತು.

ಈಗ ದೀಪದ ವಿಷಯ. ಬೀಗದ ಜಾಗದಲ್ಲಿದ್ದ ಸೆನ್ಸರ್ ನೋಡುತ್ತಿದ್ದದ್ದು ಅಗುಳಿ ಸರಿದು ತನ್ನ ಜಾಗಕ್ಕೆ ಬಂದಿದೆಯಾ ಅನ್ನುವುದನ್ನು. ಅಗುಳಿ ಬಂದಿತ್ತು. ಆದರೆ ಅಗುಳಿ ಹಿಡಿದುಕೊಂಡಿದ್ದ ಉಕ್ಕಿನ ಕಿವಿಯೇ ವೈಸರಿನಿಂದ ಹರಿದು ಬಂದರೆ? ಅಗುಳಿ ಇದ್ದಲ್ಲೇ ಇದೆ, ಕಿವಿಯೂ ಅದರಲ್ಲೇ ಸಿಕ್ಕಿಕೊಂಡಿದೆ, ಬಾಗಿಲು ಮಾತ್ರ ಇಲ್ಲ. ಆಗಲೂ ಬ್ರಿಜ್‌ನಲ್ಲಿ ‘ಬೀಗ ಹಾಕಿದೆ’ ಅಂತಲೇ ದೀಪ ಉರಿಯುತ್ತದೆ. ವೈಸರ್ ಬಿದ್ದುಹೋದ ಸಂಗತಿಯನ್ನು ಆ ದೀಪಗಳು ತಿಳಿಸುವಂತಿರಲಿಲ್ಲ ಎಂದು ತನಿಖೆ ಹೇಳಿತು. ಬ್ರಿಜ್‌ನಲ್ಲಿ ಹಡಗು ನಡೆಸುವವರು ನಿಲ್ಲುವ ಜಾಗದಿಂದ ಆ ಹಡಗಿನ ವೈಸರ್ ಕಾಣುತ್ತಿರಲಿಲ್ಲ. ರ‍್ಯಾಂಪ್‌ನ ಅಂಚಿನಿಂದ ನೀರು ಒಳಬರುವುದನ್ನು ಟಿವಿ ಪರದೆಯಲ್ಲಿ ಕಂಡವರು ಕೆಳಗೆ ಎಂಜಿನ್ ಕಂಟ್ರೋಲ್ ರೂಮಿನಲ್ಲಿದ್ದವರು. ಹಡಗನ್ನು ನಿಧಾನಿಸಬಲ್ಲ, ತಿರುಗಿಸಬಲ್ಲ ಜನ ಮೇಲಿದ್ದರು. ನೀರು ಕಂಡ ಜನ ಕೆಳಗಿದ್ದರು.

ಎಂಜಿನಿಯರಿಂಗ್ ಓದಿದವರು ಈ ಒಂದು ಸಂಗತಿಯ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು ಅನ್ನಿಸುತ್ತದೆ. ನಮಗೆ ಬೇಕಾದದ್ದು ಬಾಗಿಲಿನ ಸ್ಥಿತಿ. ಅಳೆಯಲು ಸುಲಭವಾದದ್ದು ಅಗುಳಿಯ ಸ್ಥಿತಿ. ಎರಡನ್ನೂ ಒಂದೇ ಎಂದು ಹಿಡಿದುಬಿಟ್ಟರು.

ಅಪಾಯದ ಸೂಚನೆ ಮೊದಲೇ ಸಿಕ್ಕಿತ್ತು. 1993ರ ಜನವರಿಯಲ್ಲಿ ‘ಡಯಾನಾ 2’ ಎಂಬ, ಹೆಚ್ಚುಕಡಿಮೆ ಇದೇ ವಿನ್ಯಾಸದ ಹಡಗಿನ ವೈಸರ್ ಬೀಗಗಳು ಬಿರುಗಾಳಿಯಲ್ಲಿ ಹಾನಿಯಾಗಿದ್ದವು. ರಿಪೇರಿ ಆಯಿತು. ಆದರೆ ಆ ಸುದ್ದಿ ‘ಎಸ್ಟೋನಿಯಾ’ದವರಿಗೆ ಪಾಠವಾಗಿ ತಲುಪಲಿಲ್ಲ. ಇನ್ನೂ ಹಿಂದಕ್ಕೆ ಹೋದರೆ, 1980ರಲ್ಲಿ ಜರ್ಮನಿಯ ಪಾಪನ್‌ಬುರ್ಗ್‌ನಲ್ಲಿ ಈ ಹಡಗು ಕಟ್ಟಿದಾಗ ವೈಸರ್ ಬೀಗಗಳ ಬಲವನ್ನು ಸರ್ಕಾರದ ಕಡೆಯವರಾಗಲಿ, ಹಡಗು ನಿಯಮದಂತಿದೆ ಎಂದು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವರ್ಗೀಕರಣ ಸಂಸ್ಥೆಯವರಾಗಲಿ ಪರಿಶೀಲಿಸಿ ಒಪ್ಪಿಗೆ ಕೊಟ್ಟಿರಲಿಲ್ಲ. ಅದು ಅವರ ಕೆಲಸ ಅಂತ ಇವರು, ಇವರದು ಅಂತ ಅವರು. ಜೊತೆಗೆ ಹಡಗು ಕಟ್ಟಿದ್ದು ತುರ್ಕುವಿನಿಂದ ದ್ವೀಪಗಳ ಮರೆಯಲ್ಲಿ ಸ್ಟಾಕ್‌ಹೋಮ್‌ಗೆ ಹೋಗುವ ದಾರಿಗೆ. ಆಮೇಲೆ ಮಾಲೀಕರು ಬದಲಾದರು, ದಾರಿಯೂ ಬದಲಾಯಿತು. ದ್ವೀಪಗಳ ಮರೆಯಿಲ್ಲದ ಬಾಲ್ಟಿಕ್‌ನಲ್ಲಿ ಓಡಾಡತೊಡಗಿತು. ಬೀಗ ಮಾತ್ರ ಹಳೆಯದೇ. ಯಾವ ಸಮುದ್ರಕ್ಕೆ ಲೆಕ್ಕ ಹಾಕಿದ ಬೀಗ, ಯಾವ ಸಮುದ್ರದಲ್ಲಿ ಕೆಲಸ ಮಾಡುತ್ತಿದೆ ಎಂದು ಯಾರೂ ಕೇಳಲಿಲ್ಲ. ಮೂತಿಯ ಭಾಗಗಳನ್ನು ನಿಯಮದಂತೆ ತಪಾಸಣೆ ಮಾಡಿದ್ದರೆ ವೈಸರಿನ ಕೊರತೆಗಳು ಕಣ್ಣಿಗೆ ಬೀಳುವ ಸಾಧ್ಯತೆ ಇತ್ತು ಎಂದು 2023ರ ವರದಿಯೂ ಹೇಳಿತು.

ಇದಾದ ಮೇಲೆ ಎಷ್ಟೋ ಹಡಗುಗಳಲ್ಲಿ ವೈಸರನ್ನು ವೆಲ್ಡ್ ಮಾಡಿ ಶಾಶ್ವತವಾಗಿ ಮುಚ್ಚಿಬಿಟ್ಟರು. ವರ್ಗೀಕರಣ ಸಂಸ್ಥೆಗಳ ಒಕ್ಕೂಟದ ನಿಯಮಗಳೂ ಬಿಗಿಯಾದವು. ಈಗಿನ ನಿಯಮ ಓದಿದರೆ ಪ್ರತಿ ಸಾಲಿನ ಹಿಂದೆಯೂ ಒಂದು ಅಪಘಾತ ಕಾಣುತ್ತದೆ. ಬಾಗಿಲು ಕೀಲಿನ ಮೇಲೆ ತಿರುಗದಂತೆ ಹಿಡಿಯುವ ಸಾಧನ ಬೇರೆ. ಅಲೆಯ ಹೊರೆಯನ್ನು ಹಡಗಿನ ಮೈಗೆ ದಾಟಿಸುವ ಆಧಾರ ಬೇರೆ. ಹಿಡಿದ ಸಾಧನ ತಾನಾಗಿ ಬಿಟ್ಟುಕೊಳ್ಳದಂತೆ ತಡೆಯುವ ಬೀಗ ಬೇರೆ. ಒಂದು ತುಂಡು ಉಕ್ಕಿಗೆ ಮೂರೂ ಕೆಲಸ ಹೊರಿಸಿ ಕೂರುವಂತಿಲ್ಲ. ಹಿಡಿಯುವ ಸಾಧನಕ್ಕೂ ಆಧಾರಕ್ಕೂ ನಡುವೆ ಸಾಮಾನ್ಯವಾಗಿ 3 ಮಿಲಿಮೀಟರಿಗಿಂತ ಜಾಸ್ತಿ ಸಂದು ಇರಬಾರದು. ಯಾಕೆಂದರೆ ಸಂದು ಇದ್ದರೆ ಬಾಗಿಲು ಅಲ್ಲಾಡುತ್ತದೆ, ಅಲ್ಲಾಡಿದರೆ ಪ್ರತಿ ಅಲೆಗೂ ಸುತ್ತಿಗೆ ಏಟು ಬೀಳುತ್ತದೆ. ಯಾವುದಾದರೂ ಒಂದು ಸಾಧನ ಮುರಿದರೂ ಉಳಿದವು ಹೊರೆ ತಡೆಯಬೇಕು. ಹೈಡ್ರಾಲಿಕ್ ಎಣ್ಣೆ ಪೂರ್ತಿ ಸೋರಿಹೋದರೂ ಬೀಗ ಹಾಕಿದಂತೆಯೇ ಉಳಿಯಬೇಕು.

ದೀಪದ ಬಗ್ಗೆಯೂ ನಿಯಮ ಜಾಣವಾಗಿದೆ. ಬಾಗಿಲಿಗೆ ಬೇರೆ ದೀಪ, ಬೀಗಕ್ಕೆ ಬೇರೆ ದೀಪ. ದೀಪದ ವ್ಯವಸ್ಥೆಯೇ ಕೆಟ್ಟರೆ ‘ಸರಿಯಿದೆ’ ಅಂತ ತೋರಿಸಬಾರದು, ‘ಸರಿಯಿಲ್ಲ’ ಅಂತಲೇ ತೋರಿಸಬೇಕು. ಅದಕ್ಕೆ ಕರೆಂಟು ಬಾಗಿಲು ತೆರೆಯುವ ಯಂತ್ರದ ಲೈನಿನಿಂದ ಬರಬಾರದು. ಪ್ಯಾನೆಲ್‌ನಲ್ಲಿ ‘ಬಂದರು’ ಮತ್ತು ‘ಸಮುದ್ರಯಾನ’ ಎಂದು ಎರಡು ಸ್ಥಿತಿಗಳ ಸ್ವಿಚ್ ಇರಬೇಕು. ಬಾಗಿಲು ಸರಿಯಾಗಿ ಕೂರದೆ ಹಡಗು ಬಂದರು ಬಿಟ್ಟರೆ ಸೈರನ್ ಕೂಗಬೇಕು. ಹೊರಬಾಗಿಲಿಗೂ ಒಳಬಾಗಿಲಿಗೂ ನಡುವಿನ ಜಾಗದಲ್ಲಿ ನೀರು ಕಂಡರೆ ತಿಳಿಸುವ ಸಾಧನವೂ ಕ್ಯಾಮೆರಾವೂ ಇರಬೇಕು. ಅಗುಳಿ ಏನೇ ಹೇಳಲಿ, ನೀರು ಬಂದಿದೆ ಅಂದರೆ ಬಂದಿದೆ. ಇದೊಂದು ಸಾಲು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ.

ಸರಕು ಹಡಗುಗಳ ಹ್ಯಾಚ್ ಮುಚ್ಚಳಗಳ ಕಥೆ ಸ್ವಲ್ಪ ಬೇರೆ. ಹ್ಯಾಚ್ ಎಂದರೆ ಸರಕು ಇಳಿಸಲು, ಏರಿಸಲು ಡೆಕ್‌ನಲ್ಲಿ ಬಿಟ್ಟ ದೊಡ್ಡ ಕಂಡಿ. ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಮರ್ಚೆಂಟ್ ನೇವಿಯಲ್ಲಿ ದುಡಿಯುವವರಿದ್ದಾರೆ. ಅವರಿಗೆ ಇದು ದಿನದ ಕೆಲಸ. ಪಣಂಬೂರಿಗೆ ಬರುವ ಕಲ್ಲಿದ್ದಲಿನ ಹಡಗನ್ನು ಮೇಲಿನಿಂದ ನೋಡಿದರೆ ಡೆಕ್ ಮೇಲೆ ಸಾಲಾಗಿ ಉಕ್ಕಿನ ಭಾರಿ ಮುಚ್ಚಳಗಳು ಕಾಣುತ್ತವೆ. ಅವುಗಳ ಅಂಚಿನ ಸುತ್ತ ಕ್ಲೀಟ್‌ಗಳು. ಇವು ಒಂದು ಬಗೆಯ ಕೊಕ್ಕೆ ಬೋಲ್ಟುಗಳು, ಬುಡದಲ್ಲಿ ದಪ್ಪ ರಬ್ಬರ್ ವಾಷರ್ ಇರುತ್ತದೆ. ಕ್ಲೀಟನ್ನು ಎಷ್ಟು ಬಿಗಿದರೆ ಅಷ್ಟು ನೀರು ತಡೆಯುತ್ತದೆ ಅನ್ನುವುದು ಸಹಜವಾಗಿ ಬರುವ ಯೋಚನೆ. ಅದು ತಪ್ಪು. ಮುಚ್ಚಳ ತನ್ನ ತೂಕದಿಂದಲೇ ರಬ್ಬರ್ ಗ್ಯಾಸ್ಕೆಟನ್ನು ಬೇಕಾದಷ್ಟು ಅದುಮಿ, ಕೊನೆಗೆ ಉಕ್ಕು ಉಕ್ಕಿನ ಮೇಲೆ ಕೂರಬೇಕು. ಕ್ಲೀಟಿನ ಕೆಲಸ ಅಲೆಯ ಏರಿಳಿತದಲ್ಲಿ ಮುಚ್ಚಳ ಏಳದಂತೆ ಹಿಡಿದುಕೊಳ್ಳುವುದು ಅಷ್ಟೇ. ಸಮುದ್ರದಲ್ಲಿ ಇಡೀ ಹಡಗು ಬಳುಕುತ್ತದೆ. ಆಗ ಮುಚ್ಚಳಕ್ಕೂ ಒಂಚೂರು ಸರಿದಾಡುವ ಅವಕಾಶ ಬೇಕು, ಆ ರಬ್ಬರ್ ವಾಷರ್ ಇರುವುದೇ ಅದಕ್ಕೆ. ಸೋರುತ್ತಿದೆ ಅಂತ ಕ್ಲೀಟನ್ನು ಇನ್ನಷ್ಟು ಬಿಗಿದರೆ ಗ್ಯಾಸ್ಕೆಟ್ ಸವೆದು ಸೋರುವುದು ಇನ್ನೂ ಜಾಸ್ತಿಯಾಗುತ್ತದೆ. ಸೀಮೆಸುಣ್ಣ ಹಚ್ಚಿ ಗುರುತು ನೋಡುವುದು, ಹೋಸ್‌ನಿಂದ ನೀರು ಹೊಡೆಯುವುದು, ಅಲ್ಟ್ರಾಸೌಂಡ್ ಪರೀಕ್ಷೆ, ಇವೆಲ್ಲ ಸೋರುವ ಜಾಗ ಹುಡುಕುವ ದಾರಿಗಳು.

1980ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ‘ಡರ್ಬಿಶೈರ್’ ಹಡಗು ಕೆನಡಾದಿಂದ ಜಪಾನಿಗೆ ಕಬ್ಬಿಣದ ಅದಿರು ಒಯ್ಯುತ್ತಾ ಒಕಿನಾವಾ ಬಳಿ ಚಂಡಮಾರುತಕ್ಕೆ ಸಿಕ್ಕಿ ಕಾಣೆಯಾಯಿತು. 44 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಸಂಕಟದ ಕರೆಯೂ ಬರಲಿಲ್ಲ. ಮನೆಯವರು ವರ್ಷಗಟ್ಟಲೆ ಹೋರಾಡಿದರು. 1994ರಲ್ಲಿ ನಾಲ್ಕು ಕಿಲೋಮೀಟರಿಗೂ ಆಳದಲ್ಲಿ ಅವಶೇಷ ಸಿಕ್ಕಿತು. ಸಮುದ್ರದಡಿಯ ಫೋಟೋಗಳಲ್ಲಿ ಮೂತಿಯ ಬಳಿಯ ಚಿಕ್ಕ ಸ್ಟೋರ್ ರೂಮಿನ ಮುಚ್ಚಳ ಇರಲಿಲ್ಲ. ಅದನ್ನು ಸಿಬ್ಬಂದಿ ಸರಿಯಾಗಿ ಬಿಗಿದಿರಲಿಲ್ಲ, ಅಲ್ಲಿಂದಲೇ ನೀರು ನುಗ್ಗಿತು ಎಂದು 1998ರಲ್ಲಿ ತಜ್ಞರು ಬರೆದರು. ಸತ್ತವರು ಬಂದು ಉತ್ತರ ಕೊಡುವಂತಿಲ್ಲ. ಮನೆಯವರು ಒಪ್ಪಲಿಲ್ಲ. ಮತ್ತೆ ವಿಚಾರಣೆ ನಡೆಯಿತು. 2000ದಲ್ಲಿ ನ್ಯಾಯಮೂರ್ತಿ ಕೋಲ್ಮನ್ ಸಿಬ್ಬಂದಿಯ ಮೇಲಿನ ಆ ಆರೋಪವನ್ನು ತಳ್ಳಿಹಾಕಿದರು. ಮುಂಭಾಗದ ಗಾಳಿ ಕೊಳವೆಗಳು ಅಲೆಗೆ ಮುರಿದು ಮೂತಿಯಲ್ಲಿ ನಿಧಾನವಾಗಿ ನೀರು ತುಂಬಿತ್ತು. ಮೂತಿ ತಗ್ಗಿದ ಮೇಲೆ ಅಲೆಗಳು ನೇರವಾಗಿ ಮೊದಲ ಹ್ಯಾಚ್ ಮುಚ್ಚಳದ ಮೇಲೆ ಬಿದ್ದವು. ಮುಚ್ಚಳ ಆ ಕಾಲದ ನಿಯಮಕ್ಕೆ ತಕ್ಕಂತೆಯೇ ಇತ್ತು. ನಿಯಮವೇ ಸಾಲದಾಗಿತ್ತು. ಆಮೇಲೆ ಮುಂಭಾಗದ ಹ್ಯಾಚ್ ಮುಚ್ಚಳಗಳ ಬಲದ ಲೆಕ್ಕವನ್ನೇ ಹೆಚ್ಚಿಸಿದರು.

ಯಾವ ದುರಂತವಾದರೂ ಮೊದಲು ಹುಡುಕುವುದು ಕೊನೆಯದಾಗಿ ಬೀಗ ಮುಟ್ಟಿದ ಕೈಯನ್ನು. ಆ ಕೈ ಸುಲಭವಾಗಿ ಸಿಗುತ್ತದೆ. ಬೀಗದ ಲೆಕ್ಕ ಹಾಕಿದವರು, ದೀಪ ಬೇಡ ಅಂದವರು, ತಪಾಸಣೆ ಮಾಡದೆ ಸಹಿ ಹಾಕಿದವರು ದೂರದ ಆಫೀಸುಗಳಲ್ಲಿರುತ್ತಾರೆ. ಅಲ್ಲಿವರೆಗೆ ಹೋಗಲು ‘ಡರ್ಬಿಶೈರ್’ ಮನೆಯವರಿಗೆ 20 ವರ್ಷ ಹಿಡಿಯಿತು.

ಭಾರತದಲ್ಲಿ ಈಗ ಇದನ್ನು ಮಾತಾಡಬೇಕಾದ ಕಾರಣವಿದೆ. 2020ರ ಮಾರ್ಚ್‌ನಿಂದ ಮುಂಬೈ–ಮಾಂಡ್ವಾ ನಡುವೆ, ಅದೇ ನವೆಂಬರ್‌ನಿಂದ ಗುಜರಾತಿನ ಘೋಘಾ–ಹಜೀರಾ ನಡುವೆ ವಾಹನ ಮತ್ತು ಜನರನ್ನು ಒಟ್ಟಿಗೆ ಒಯ್ಯುವ ಫೆರಿಗಳು ಓಡುತ್ತಿವೆ. ಘೋಘಾ–ಹಜೀರಾ ರಸ್ತೆಯಲ್ಲಿ ಸುಮಾರು 370 ಕಿಲೋಮೀಟರ್, ಸಮುದ್ರದಲ್ಲಿ ಸುಮಾರು 90. ಡೀಸೆಲ್ ಉಳಿಯುತ್ತದೆ, ಹೊತ್ತು ಉಳಿಯುತ್ತದೆ. ಇಂಥ ದಾರಿಗಳು ಇನ್ನೂ ಬರಬೇಕು, ನಮ್ಮ ಕರಾವಳಿಗೂ ಬಂದರೆ ಒಳ್ಳೆಯದೇ. ಆದರೆ ಸೋಲಾಸ್ ಒಪ್ಪಂದ ಅನ್ವಯಿಸುವುದು ದೇಶದಿಂದ ದೇಶಕ್ಕೆ ಹೋಗುವ ಹಡಗುಗಳಿಗೆ. ಒಂದೇ ದೇಶದ ಎರಡು ಊರುಗಳ ನಡುವೆ ಓಡುವ ಫೆರಿಯ ನಿಯಮ ಆಯಾ ದೇಶದ ಕೈಯಲ್ಲಿದೆ. ಯುರೋಪಿನ ಒಕ್ಕೂಟದ ದೇಶಗಳು ದೇಶದೊಳಗೇ ಓಡುವ ಪ್ರಯಾಣಿಕ ಹಡಗುಗಳಿಗೂ 1998ರಲ್ಲೇ ಪ್ರತ್ಯೇಕ ನಿಯಮ ಮಾಡಿಕೊಂಡವು.

ಹೀಗಾಗಿ ನಮ್ಮಲ್ಲಿ ಕೇಳಬೇಕಾದ ಪ್ರಶ್ನೆಗಳು ತೀರಾ ನೇರವಾದವು. ಈ ಫೆರಿ ಮೊದಲು ಯಾವ ನೀರಿಗೆ ಅಂತ ಕಟ್ಟಿದ್ದು? ಹೊರಗಿನಿಂದ ಕೊಂಡುತಂದದ್ದಾದರೆ ಅದರ ಬಾಗಿಲಿನ ಬೀಗದ ಬಲವನ್ನು ಮುಂಗಾರಿನ ಅರಬ್ಬಿ ಸಮುದ್ರಕ್ಕೆ ಮತ್ತೆ ಲೆಕ್ಕ ಹಾಕಿದ್ದಾರಾ? ಬ್ರಿಜ್‌ನ ದೀಪ ಬಾಗಿಲನ್ನು ನೋಡುತ್ತದಾ, ಅಗುಳಿಯನ್ನು ಮಾತ್ರ ನೋಡುತ್ತದಾ? ವಾಹನ ಡೆಕ್‌ನ ಕ್ಯಾಮೆರಾದ ಚಿತ್ರ ಹಡಗು ನಡೆಸುವವನ ಕಣ್ಣಳತೆಯಲ್ಲಿದೆಯಾ? ಬಾಗಿಲು ಹಾಕುವವನ ಪಾಳಿ ಎಷ್ಟು ಗಂಟೆಯದು? ಮುಂಬೈಯಲ್ಲಿರುವ, ಕೇಂದ್ರ ಸರ್ಕಾರದ ನೌಕಾಯಾನ ಮಹಾನಿರ್ದೇಶನಾಲಯದ ಸರ್ವೇಯರುಗಳು ಹಡಗು ಹತ್ತಿದಾಗ ಇವಕ್ಕೆಲ್ಲ ಉತ್ತರ ಬರೆದುಕೊಳ್ಳಬಹುದು. ಆ ತಪಾಸಣಾ ವರದಿಯ ಒಂದು ಪುಟವನ್ನು ಟಿಕೆಟ್ ಕೌಂಟರಿನ ಪಕ್ಕ ಅಂಟಿಸಿದರೆ, ಕಾರು ಹತ್ತಿಸುವ ಮುಂಚೆ ಜನ ನಿಂತು ಓದಿಕೊಳ್ಳುತ್ತಾರೆ.